ಏಲ್ಸ್‌ಬರಿ ಎಸ್ಟೇಟ್: 2,700 ಮನೆ ಕೆಡವಿ ಕಟ್ಟುವ ಯೋಜನೆ ಮೂರು ಸಲ ನಿಂತದ್ದೆಲ್ಲಿ?

ದಕ್ಷಿಣ ಲಂಡನ್ನಿನ ವಾಲ್ವರ್ತ್‌ನಲ್ಲಿ, ಎಲಿಫೆಂಟ್ ಅಂಡ್ ಕ್ಯಾಸಲ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ, ಏಲ್ಸ್‌ಬರಿ ಎಸ್ಟೇಟ್ ಇದೆ. ಜಾಗ ಸುಮಾರು 28.5 ಹೆಕ್ಟೇರ್, ಅಂದರೆ 70 ಎಕರೆ. ಮನೆಗಳು ಸುಮಾರು 2,700. ಕೆಲಸ 1960ರ ದಶಕದಲ್ಲಿ ಶುರುವಾಗಿ 1977ಕ್ಕೆ ಮುಗಿಯಿತು. ಇದನ್ನು ಕೆಡವಿ ಹೊಸದಾಗಿ ಕಟ್ಟಬೇಕೆಂದು ಮಾಲೀಕತ್ವ ಹೊಂದಿರುವ ಸದರ್ಕ್ ಕೌನ್ಸಿಲ್, ಅಂದರೆ ಅಲ್ಲಿನ ಸ್ಥಳೀಯ ಆಡಳಿತ, ತೀರ್ಮಾನಿಸಿದ್ದು 2005ರಲ್ಲಿ. ಅದಾಗಿ ಹತ್ತೊಂಬತ್ತನೇ ವರ್ಷ, 2024ರ ಜನವರಿಯಲ್ಲಿ, ಯೋಜನೆಯ ಇನ್ನೊಂದು ಹಂತ ಹೈಕೋರ್ಟಿನಲ್ಲಿ ಮುಗ್ಗರಿಸಿತು.

ಈ ಯೋಜನೆಗೆ ದೊಡ್ಡ ತಡೆ ಬಿದ್ದದ್ದು ಮೂರು ಸಲ: 2001ರ ಮತದಾನದಲ್ಲಿ, 2016ರ ಸಚಿವರ ಆದೇಶದಲ್ಲಿ, 2024ರ ತೀರ್ಪಿನಲ್ಲಿ. ಮೂರು ಸಲವೂ ಸಿಮೆಂಟು, ಕಬ್ಬಿಣ, ಕ್ರೇನುಗಳಿಂದ ತೊಂದರೆ ಬಂದದ್ದಲ್ಲ. ಅಲ್ಲಿ ಈಗಾಗಲೇ ಬಾಳುತ್ತಿರುವವರು ಯಾವ ಷರತ್ತಿನ ಮೇಲೆ ಎಲ್ಲಿಗೆ ಹೋಗಬೇಕು, ಅವರಿಗೆ ಕೊಟ್ಟ ಮಾತು ಯಾವ ಕಾಗದದಲ್ಲಿದೆ, ಆ ಕಾಗದವನ್ನು ಆಮೇಲೆ ತಿದ್ದಬಹುದೇ ಎಂಬ ಪ್ರಶ್ನೆಗಳಲ್ಲೇ ಬಂಡಿ ಹೂತುಹೋಯಿತು. ಕಟ್ಟಡದ ನಕ್ಷೆ ಬರೆಯುವ ಮೊದಲೇ ತೀರ್ಮಾನವಾಗಬೇಕಿದ್ದ ಈ ಸಂಗತಿಗಳನ್ನು ಕೊನೆಗೆ ಇಟ್ಟುಕೊಂಡಾಗ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನಲ್ಲಿ ಇದಕ್ಕಿಂತ ವಿವರವಾಗಿ ದಾಖಲಾದ ಪ್ರಕರಣಗಳು ಕಡಿಮೆ.

ಮೊದಲು ಮೂರು ಪದ

ನಮ್ಮಲ್ಲಿ ಎಸ್ಟೇಟ್ ಅಂದರೆ ಕಾಫಿ ತೋಟ ಕಣ್ಣಿಗೆ ಬರುತ್ತದೆ. ಇಂಗ್ಲೆಂಡಿನಲ್ಲಿ ಅದು ಒಂದೇ ಆಡಳಿತದ ಕೆಳಗೆ ಒಟ್ಟಾಗಿ ಕಟ್ಟಿದ ವಸತಿ ಸಮುಚ್ಚಯ. ಹೆಚ್ಚಿನವನ್ನು ಎರಡನೇ ಮಹಾಯುದ್ಧದ ನಂತರ ಸ್ಥಳೀಯ ಕೌನ್ಸಿಲ್‌ಗಳು ಕಟ್ಟಿ ಬಾಡಿಗೆಗೆ ಕೊಟ್ಟವು.

ಹೌಸಿಂಗ್ ಅಸೋಸಿಯೇಷನ್ ಎಂದರೆ ನಮ್ಮ ಗೃಹ ನಿರ್ಮಾಣ ಸಹಕಾರ ಸಂಘವೂ ಅಲ್ಲ, ಅಪಾರ್ಟ್‌ಮೆಂಟಿನ ಮಾಲೀಕರ ಸಂಘವೂ ಅಲ್ಲ. ಅದು ಲಾಭ ಹಂಚಿಕೊಳ್ಳದ, ಸರ್ಕಾರಿ ನಿಯಂತ್ರಣಕ್ಕೆ ಒಳಪಟ್ಟ ಮನೆ ಮಾಲೀಕ ಸಂಸ್ಥೆ. ಸರ್ಕಾರದ ಅನುದಾನ, ಬ್ಯಾಂಕ್ ಸಾಲ, ಬಾಂಡ್ ಮತ್ತು ತನ್ನದೇ ಮನೆ ಮಾರಾಟದ ಹಣದಿಂದ ಮನೆ ಕಟ್ಟುತ್ತದೆ, ಮಾರುಕಟ್ಟೆಗಿಂತ ಕಡಿಮೆ ಬಾಡಿಗೆಗೆ ಕೊಡುತ್ತದೆ, ಉಳಿದದ್ದನ್ನು ಮತ್ತೆ ಮನೆಗೇ ಹಾಕುತ್ತದೆ. ಏಲ್ಸ್‌ಬರಿಯಲ್ಲಿ ಕೌನ್ಸಿಲ್‌ನ ಪಾಲುದಾರನಾಗಿ ಬಂದ ನಾಟಿಂಗ್ ಹಿಲ್ ಹೌಸಿಂಗ್ ಟ್ರಸ್ಟ್ 1963ರಲ್ಲಿ ಹುಟ್ಟಿದ್ದು. 2018ರ ಏಪ್ರಿಲ್‌ನಲ್ಲಿ ಜೆನೆಸಿಸ್ ಜೊತೆ ಸೇರಿ ನಾಟಿಂಗ್ ಹಿಲ್ ಜೆನೆಸಿಸ್ ಆಯಿತು. ಆಗ ಅದರ ಕೈಯಲ್ಲಿ 60 ಸಾವಿರಕ್ಕೂ ಹೆಚ್ಚು ಮನೆಗಳಿದ್ದವು.

ಲೀಸ್ ಎಂದೊಡನೆ ಬೆಂಗಳೂರಿನವರಿಗೆ ಇಡುಗಂಟು ಕೊಟ್ಟು ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇರುವ ಪದ್ಧತಿ ನೆನಪಾಗುತ್ತದೆ. ಇಲ್ಲಿ ಲೀಸ್‌ಹೋಲ್ಡರ್ ಎಂದರೆ ಮನೆ ಕೊಂಡವರೇ. 1980ರ ಹೌಸಿಂಗ್ ಕಾಯ್ದೆ ಕೌನ್ಸಿಲ್ ಬಾಡಿಗೆದಾರರಿಗೆ ತಾವಿರುವ ಮನೆಯನ್ನು ರಿಯಾಯಿತಿಯಲ್ಲಿ ಕೊಳ್ಳುವ ಹಕ್ಕು ಕೊಟ್ಟಿತು. ಫ್ಲಾಟ್ ಆದರೆ ಸಾಮಾನ್ಯವಾಗಿ 125 ವರ್ಷದ ಗುತ್ತಿಗೆ. ಗೋಡೆ, ಚಾವಣಿ, ನೆಲ ಕೌನ್ಸಿಲ್‌ನದ್ದು. ಒಳಗಿನ ವಾಸ, ಮಾರುವ ಹಕ್ಕು, ಗೃಹಸಾಲ ಕೊಂಡವರದ್ದು. ದೊಡ್ಡ ರಿಪೇರಿಗೆ ಅವರ ಪಾಲಿನ ಬಿಲ್ಲೂ ಬರುತ್ತದೆ. ಇಡೀ ಬ್ಲಾಕ್ ಕೆಡವಬೇಕಾದಾಗ ಕಾನೂನಿನ ದೃಷ್ಟಿಯಿಂದ ಅತಿ ಕಷ್ಟದ ಗುಂಪು ಇದೇ.

ಕಟ್ಟಡದ ದೋಷ ಏನಿತ್ತು

ಏಲ್ಸ್‌ಬರಿಯ ಉದ್ದುದ್ದ ಬ್ಲಾಕುಗಳನ್ನು ಲೇಂಗ್ ಕಂಪನಿ ಕಟ್ಟಿದ್ದು ಯೆಸ್ಪರ್ಸನ್ ಎಂಬ ಡೆನ್ಮಾರ್ಕ್ ಮೂಲದ ಪದ್ಧತಿಯಲ್ಲಿ. ಗೋಡೆ ಮತ್ತು ನೆಲದ ದೊಡ್ಡ ಕಾಂಕ್ರೀಟ್ ಹಲಗೆಗಳನ್ನು ಕಾರ್ಖಾನೆಯಲ್ಲಿ ಎರಕ ಹೊಯ್ದು, ಲಾರಿಯಲ್ಲಿ ತಂದು, ಕ್ರೇನಿನಿಂದ ಒಂದರ ಮೇಲೊಂದು ಕೂರಿಸಿ, ಕೂಡುಗಳಿಗೆ ಕಾಂಕ್ರೀಟ್ ತುಂಬುವುದು ಇದರ ಕ್ರಮ. ಕಂಬ ತೊಲೆಗಳ ಚೌಕಟ್ಟು ಇರುವುದಿಲ್ಲ. ಗೋಡೆಯ ಹಲಗೆಯೇ ಭಾರ ಹೊರುತ್ತದೆ.

ಇದರ ಅಪಾಯ ಜಗತ್ತಿಗೆ ಗೊತ್ತಾದದ್ದು 1968ರ ಮೇ 16ರಂದು. ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಕಟ್ಟಡದ 18ನೇ ಅಂತಸ್ತಿನಲ್ಲಿ ಅಡುಗೆ ಅನಿಲ ಸ್ಫೋಟಿಸಿ, ಒಂದು ಗೋಡೆ ಹಲಗೆ ಹೊರಕ್ಕೆ ಹಾರಿತು. ಅದರ ಮೇಲಿನವು ಆಸರೆ ತಪ್ಪಿ ಕುಸಿದವು. ಆ ಭಾರಕ್ಕೆ ಕೆಳಗಿನವೂ ಕುಸಿದು, ಮೂಲೆಯೊಂದು ತುದಿಯಿಂದ ಬುಡದವರೆಗೆ ಇಳಿದುಹೋಯಿತು. ಅದಾದ ಮೇಲೆ ಇಂಥ ಕಟ್ಟಡಗಳಿಗೆ ಒಂದು ಅಳತೆ ಬಂತು. ಅನಿಲ ಪೈಪ್ ಇರುವ ಬ್ಲಾಕಿನ ಗೋಡೆ ಮತ್ತು ಕೂಡು ಪ್ರತಿ ಚದರ ಮೀಟರಿಗೆ 34 ಕಿಲೋನ್ಯೂಟನ್ ಒತ್ತಡ ತಡೆಯಬೇಕು; ಅನಿಲ ಇಲ್ಲದಿದ್ದರೆ ಅದರ ಅರ್ಧ, 17. ತಡೆಯದಿದ್ದರೆ ದಾರಿ ಎರಡು. ಗೋಡೆಯನ್ನೂ ನೆಲವನ್ನೂ ಉಕ್ಕಿನ ಕೋನಪಟ್ಟಿ ಮತ್ತು ಬೋಲ್ಟ್‌ಗಳಿಂದ ಬಿಗಿಯುವುದು, ಇಲ್ಲವೇ ಅನಿಲ ತೆಗೆದು ಎಲ್ಲ ಮನೆಗೂ ವಿದ್ಯುತ್ ಒಲೆ ಕೊಡುವುದು. ಕೆಲವು ಕಡೆ ಎರಡನ್ನೂ ಮಾಡುತ್ತಾರೆ.

ದಿನನಿತ್ಯದ ಕಾಟ ಬೇರೆಯೇ. ಹಲಗೆಗಳ ಕೂಡಿನ ಮುಚ್ಚುಪಟ್ಟಿ ಹಳತಾದಾಗ ಮಳೆನೀರು ಒಳಗಿಳಿಯುತ್ತದೆ. ಕಾಂಕ್ರೀಟಿನ ಮೂಲಕ ಚಳಿ ನೇರವಾಗಿ ಒಳಬಂದು ಮೂಲೆಗಳಲ್ಲಿ ಬೂಷ್ಟು ಹಿಡಿಯುತ್ತದೆ. ಒಂದೇ ಬಾಯ್ಲರ್ ಮನೆಯಿಂದ ನೆಲದಡಿಯ ಪೈಪಿನಲ್ಲಿ ಬರುವ ಬಿಸಿನೀರು ಒಂದು ಕಡೆ ತೂತಾದರೆ ನೂರಾರು ಮನೆ ತಣ್ಣಗಾಗುತ್ತವೆ. ಏಲ್ಸ್‌ಬರಿಯ ನಿವಾಸಿಗಳು ಚಳಿಗಾಲದಲ್ಲಿ ಪದೇ ಪದೇ ಅನುಭವಿಸಿದ್ದು ಇದನ್ನೇ.

ಇಷ್ಟಾದರೂ ಒಂದು ಮಾತು ಹೇಳಲೇಬೇಕು. ಒಳಗಿನ ಮನೆಗಳು ವಿಶಾಲವಾಗಿದ್ದವು, ಬೆಳಕು ಚೆನ್ನಾಗಿತ್ತು. ಅನೇಕರು ರಿಪೇರಿ ಮಾಡಿ ಎಂದು ಕೇಳಿದರೇ ಹೊರತು ಕೆಡವಿ ಎಂದು ಕೇಳಲಿಲ್ಲ. ಹೊರಗಿನವರು ಟಿವಿಯಲ್ಲಿ ಕಂಡ ಏಲ್ಸ್‌ಬರಿಗೂ ಅಲ್ಲಿ ಮೂವತ್ತು ವರ್ಷ ಬಾಳಿದವರ ಏಲ್ಸ್‌ಬರಿಗೂ ಬಹಳ ಅಂತರವಿತ್ತು. ಯೋಜನೆ ಮಾಡುವವರು ಈ ಅಂತರವನ್ನು ಕಡೆಗಣಿಸಿದ್ದು ಮೊದಲ ತಡೆಗೆ ದಾರಿಮಾಡಿತು.

ಮೊದಲ ತಡೆ: 2001ರ ಮತದಾನ

1997ರ ಜೂನ್ 2ರಂದು, ಪ್ರಧಾನಿಯಾದ ಒಂದು ತಿಂಗಳಿಗೆ, ಟೋನಿ ಬ್ಲೇರ್ ಭಾಷಣಕ್ಕೆ ಆರಿಸಿಕೊಂಡದ್ದು ಈ ಎಸ್ಟೇಟನ್ನೇ. ಹಿಂದೆಯೇ ಸರ್ಕಾರದ ನ್ಯೂ ಡೀಲ್ ಫಾರ್ ಕಮ್ಯುನಿಟೀಸ್ ಯೋಜನೆಯಲ್ಲಿ 5.62 ಕೋಟಿ ಪೌಂಡ್ ಮಂಜೂರಾಯಿತು. ಆ ಹಣ ಇಷ್ಟು ದೊಡ್ಡ ಎಸ್ಟೇಟಿನ ಕಟ್ಟಡಕ್ಕೆ ಸಾಲುವುದಲ್ಲ. ಹೆಚ್ಚಿನ ಬಂಡವಾಳ ತರಬೇಕಾದರೆ ಎಸ್ಟೇಟನ್ನು ಕೌನ್ಸಿಲ್‌ನಿಂದ ಹೌಸಿಂಗ್ ಅಸೋಸಿಯೇಷನ್ನಿಗೆ ವರ್ಗಾಯಿಸಬೇಕೆಂಬ ಲೆಕ್ಕ ಬಂತು. ಕೌನ್ಸಿಲ್ ಮಾಡುವ ಸಾಲ ಸರ್ಕಾರಿ ಸಾಲದ ಲೆಕ್ಕಕ್ಕೆ ಸೇರುತ್ತದೆ, ಅಸೋಸಿಯೇಷನ್ ಮಾಡುವುದು ಸೇರುವುದಿಲ್ಲ ಎಂಬುದು ಇದರ ಹಿಂದಿನ ಕಾರಣ.

ಇಂಥ ವರ್ಗಾವಣೆಗೆ ಬಾಡಿಗೆದಾರರ ಮತ ಬೇಕು. 2001ರ ಡಿಸೆಂಬರ್‌ನಲ್ಲಿ ಶೇ. 76ರಷ್ಟು ಮಂದಿ ಮತ ಹಾಕಿದರು. ಅವರಲ್ಲಿ ಶೇ. 73 ಮಂದಿ ಬೇಡ ಎಂದರು.

ಬೇಡ ಎಂದದ್ದಕ್ಕೆ ಗಟ್ಟಿ ಕಾರಣವಿತ್ತು. ಕೌನ್ಸಿಲ್ ಬಾಡಿಗೆದಾರರದ್ದು 1985ರ ಕಾಯ್ದೆಯ ಸೆಕ್ಯೂರ್ ಬಾಡಿಗೆ, ಅಸೋಸಿಯೇಷನ್ ಹೊಸದಾಗಿ ಕೊಡುವುದು 1988ರ ಕಾಯ್ದೆಯ ಅಶೂರ್ಡ್ ಬಾಡಿಗೆ. ಎರಡೂ ಕೇಳಲು ಒಂದೇ ತರಹ. ಆದರೆ ಆಗಿನ ಕಾನೂನಿನಂತೆ ಅಶೂರ್ಡ್ ಬಾಡಿಗೆಯಲ್ಲಿ ಎರಡು ತಿಂಗಳ ಬಾಡಿಗೆ ಬಾಕಿ ನಿಂತು ಮಾಲೀಕರು ಆ ಕಾಯ್ದೆ ಪಟ್ಟಿಮಾಡಿದ ತೆರವಿನ ಕಾರಣಗಳಲ್ಲಿ ಎಂಟನೆಯದರಡಿ ದಾವೆ ಹೂಡಿದರೆ, ಬಾಕಿ ಸಾಬೀತಾದ ಮೇಲೆ ಮನೆ ತೆರವಿಗೆ ಆದೇಶ ಕೊಡದೆ ನ್ಯಾಯಾಧೀಶರಿಗೆ ಬೇರೆ ದಾರಿ ಇರುತ್ತಿರಲಿಲ್ಲ. ಸೆಕ್ಯೂರ್ ಬಾಡಿಗೆಯಲ್ಲಿ ಮನೆಯವರ ಪರಿಸ್ಥಿತಿ ನೋಡಿ ಕಂತು ಕಟ್ಟಲು ಬಿಡುವ ವಿವೇಚನೆ ಕೋರ್ಟಿಗಿತ್ತು. ಬಡವರ ಬಾಡಿಗೆಗೆ ಸರ್ಕಾರಿ ನೆರವು ಕೊಡುವ ಹೌಸಿಂಗ್ ಬೆನಿಫಿಟ್ ಕಚೇರಿ ತಡಮಾಡಿದ್ದಕ್ಕೇ ಬಾಕಿ ನಿಲ್ಲುವ ಬಡ ಕುಟುಂಬಕ್ಕೆ ಇದು ಸಣ್ಣ ವ್ಯತ್ಯಾಸವಲ್ಲ.

ಆ ಫಲಿತಾಂಶವನ್ನು ಓದುವ ಸರಿಯಾದ ರೀತಿ ಹೀಗಿತ್ತು: ಜನ ಬೇಡವೆಂದದ್ದು ಒಳ್ಳೆಯ ಮನೆಯನ್ನಲ್ಲ, ದುರ್ಬಲವಾದ ಬಾಡಿಗೆ ಪತ್ರವನ್ನು. ನಾಲ್ಕು ವರ್ಷದ ನಂತರ ಕೌನ್ಸಿಲ್, ದುರಸ್ತಿಯ ಖರ್ಚು ತೀರಾ ಹೆಚ್ಚೆಂದು ತೋರಿಸಿ, ಕೆಡವುವ ತೀರ್ಮಾನಕ್ಕೆ ಬಂತು. ಈ ಬಾರಿ ಮತದಾನ ನಡೆಸಲಿಲ್ಲ. ಆಗಿನ ಕಾನೂನು ಅದನ್ನು ಕೇಳುತ್ತಿರಲಿಲ್ಲ, ನಿಜ. ಆದರೆ ಮುಕ್ಕಾಲು ಪಾಲು ಜನ ಒಮ್ಮೆ ಉತ್ತರ ಕೊಟ್ಟಿದ್ದ ಜಾಗದಲ್ಲಿ, ಪ್ರಶ್ನೆಯನ್ನೇ ಬದಲಿಸಿ ಮತ್ತೆ ಕೇಳದೆ ಮುಂದೆ ಹೋದದ್ದರಿಂದ ಕಳೆದ ನಂಬಿಕೆ ಮುಂದಿನ ಪ್ರತಿ ಸಭೆಯಲ್ಲೂ ಅಡ್ಡ ಬಂತು.

2018ರ ಜುಲೈ 18ರಿಂದ ಲಂಡನ್ ಮೇಯರ್ ತಂದ ನಿಯಮ ಈ ಬಿರುಕನ್ನು ಮುಚ್ಚಲು ನೋಡಿತು. ಸಾಮಾಜಿಕ ಮನೆ (ಕೌನ್ಸಿಲ್ ಅಥವಾ ಅಸೋಸಿಯೇಷನ್ ಕಡಿಮೆ ಬಾಡಿಗೆಗೆ ಕೊಟ್ಟದ್ದು) ಕೆಡವಿ 150 ಅಥವಾ ಹೆಚ್ಚು ಮನೆ ಕಟ್ಟುವ ಯೋಜನೆಗೆ ಮೇಯರ್ ಅನುದಾನ ಬೇಕಿದ್ದರೆ ನಿವಾಸಿಗಳ ಮತದಾನ ಗೆಲ್ಲಬೇಕು. ಮತ ಹಾಕುವವರು: ಬಾಡಿಗೆ ಪತ್ರದಲ್ಲಿ ಹೆಸರಿರುವ 16 ದಾಟಿದ ಸಾಮಾಜಿಕ ಬಾಡಿಗೆದಾರರು, ಕನಿಷ್ಠ ಒಂದು ವರ್ಷದಿಂದ ಅಲ್ಲೇ ವಾಸವಿರುವ ಮನೆ ಮಾಲೀಕರು, ಮತ್ತು ಎಸ್ಟೇಟಿನಲ್ಲಿದ್ದು ಒಂದು ವರ್ಷದಿಂದ ಕೌನ್ಸಿಲ್‌ನ ಮನೆ ಕೋರಿಕೆ ಪಟ್ಟಿಯಲ್ಲಿರುವವರು. ಮತಕ್ಕೆ ಮುನ್ನ ಮಾಲೀಕರ ಕೊಡುಗೆಪತ್ರ ಎಲ್ಲ ಮನೆಗೂ ತಲುಪಬೇಕು. ಕಾಲಮಿತಿ, ವಾಪಸಾಗುವ ಹಕ್ಕು, ಪರಿಹಾರ, ಎಷ್ಟು ಮನೆ ಯಾವ ಬಾಡಿಗೆಗೆ ಎಂಬುದೆಲ್ಲ ಅದರಲ್ಲಿರಬೇಕು.

ಈ ಪತ್ರ ಬಂದಾಗ ನಿವಾಸಿಗಳು ಮೊದಲು ಹುಡುಕಬೇಕಾದದ್ದು ಬಾಡಿಗೆಯ ಹೆಸರನ್ನು. ಸೋಶಿಯಲ್ ರೆಂಟ್ ಎಂದಿದ್ದರೆ ಸರ್ಕಾರಿ ಸೂತ್ರದ ಬಾಡಿಗೆ. ಅಫೋರ್ಡಬಲ್ ರೆಂಟ್ ಎಂದಿದ್ದರೆ, 2011ರಲ್ಲಿ ಬಂದ ನಿಯಮದಂತೆ, ಮಾರುಕಟ್ಟೆ ಬಾಡಿಗೆಯ ಶೇ. 80ರವರೆಗೂ ಹೋಗಬಹುದು. ಲಂಡನ್ನಿನಲ್ಲಿ ಇವೆರಡರ ನಡುವೆ ಅಜಗಜಾಂತರ. ಬರೀ "ಕೈಗೆಟುಕುವ ಮನೆ ಇಷ್ಟು" ಎಂದು ಬರೆದ ಪತ್ರ ನಂಬಿ ಮತ ಹಾಕಬಾರದು.

ಹಂತಗಳು ಮತ್ತು ಖಾಲಿ ಮಾಡಿಸುವ ಕ್ರಮ

2010ರ ಜನವರಿಯಲ್ಲಿ ಕೌನ್ಸಿಲ್ ಅಂಗೀಕರಿಸಿದ ಕ್ರಿಯಾ ಯೋಜನೆ ಸುಮಾರು 4,200 ಹೊಸ ಮನೆಗಳ ಗುರಿ ಇಟ್ಟಿತು. ಅರ್ಧ ಮಾರಾಟಕ್ಕೆ, ಅರ್ಧ ಕೈಗೆಟುಕುವ ವರ್ಗಕ್ಕೆ. ಮೊದಲ ಸಣ್ಣ ಭಾಗವಾಗಿ 261 ಮನೆಗಳನ್ನು ಎಲ್ ಅಂಡ್ ಕ್ಯೂ ಎಂಬ ಇನ್ನೊಂದು ಅಸೋಸಿಯೇಷನ್ ಕಟ್ಟಿತು. ಉಳಿದದ್ದಕ್ಕೆ 2014ರಲ್ಲಿ ನಾಟಿಂಗ್ ಹಿಲ್ ಪಾಲುದಾರನಾಯಿತು. 2015ರಲ್ಲಿ ಎರಡು ಪರವಾನಗಿ ಸಿಕ್ಕವು: ಮೊದಲ ನಿರ್ಮಾಣ ಜಾಗಕ್ಕೆ 830 ಮನೆಗಳ ಪೂರ್ಣ ವಿವರದ್ದು, ಉಳಿದ ಹಂತಗಳಿಗೆ 2,745 ಮನೆಗಳವರೆಗಿನ ಸ್ಥೂಲ ರೂಪದ್ದು. ಈ ಎರಡನೆಯದನ್ನು ನೆನಪಿಡಿ, ಮೂರನೇ ತಡೆಯ ಬೇರು ಅಲ್ಲಿದೆ.

ಒಂದು ಬ್ಲಾಕ್ ಖಾಲಿ ಮಾಡಿಸುವುದು ಹೀಗೆ. ಮೊದಲು ಮನೆ ಮನೆಗೆ ಹೋಗಿ ಎಷ್ಟು ಜನ, ಯಾರಿಗೆ ಮೆಟ್ಟಿಲು ಹತ್ತಲಾಗದು, ಯಾವ ಮಕ್ಕಳು ಯಾವ ಶಾಲೆ ಎಂಬ ಪಟ್ಟಿ ಮಾಡಬೇಕು. ಆಮೇಲೆ ಪ್ರತಿ ಕುಟುಂಬಕ್ಕೆ ಎಷ್ಟು ಮಲಗುವ ಕೋಣೆ ಎಂದು ನಿರ್ಧರಿಸಿ ಆದ್ಯತೆಯ ಪಟ್ಟಿಗೆ ಸೇರಿಸಬೇಕು. ಖಾಲಿಯಾದ ಕೌನ್ಸಿಲ್ ಮನೆಗಳಿಗೆ ಅವರು ಬಿಡ್ ಹಾಕುತ್ತಾರೆ, ಅಂದರೆ ಇಂಥ ಮನೆ ಬೇಕೆಂದು ಕೋರಿಕೆ ಸಲ್ಲಿಸುತ್ತಾರೆ; ಇದು ಹಣದ ಹರಾಜಲ್ಲ. ಮನೆ ಒಪ್ಪಿದ ಮೇಲೆ ಶಾಸನಬದ್ಧ ಮನೆ ನಷ್ಟ ಪರಿಹಾರ, ಜೊತೆಗೆ ಸಾಮಾನು ಸಾಗಣೆ, ಒಲೆ ಜೋಡಣೆ, ಪರದೆ, ಅಂಚೆ ವಿಳಾಸ ಬದಲಾವಣೆ ಮುಂತಾದ ಖರ್ಚು ಕೊಡಬೇಕು.

ತಪ್ಪುವುದು ಎಲ್ಲಿ? ಕೋಣೆಗಳ ಲೆಕ್ಕದಲ್ಲಿ. ಮಕ್ಕಳು ಬೇರೆ ಹೋದ ದಂಪತಿ ಮೂರು ಕೋಣೆಯ ಮನೆಯಲ್ಲಿದ್ದರೆ ನಿಯಮದಂತೆ ಅವರಿಗೆ ಒಂದೇ ಕೋಣೆ. 2013ರ ಏಪ್ರಿಲ್‌ನಿಂದ, ಬೆನಿಫಿಟ್ ಪಡೆಯುವ ದುಡಿಯುವ ವಯಸ್ಸಿನವರಿಗೆ ಹೆಚ್ಚುವರಿ ಕೋಣೆ ಒಂದಿದ್ದರೆ ಬಾಡಿಗೆಯ ಶೇ. 14, ಎರಡು ಅಥವಾ ಹೆಚ್ಚಿದ್ದರೆ ಶೇ. 25ರಷ್ಟು ನೆರವು ಕಡಿತವಾಯಿತು. ಹಾಗಾಗಿ ದೊಡ್ಡ ಮನೆ ಕೊಟ್ಟರೂ ಉಳಿಸಿಕೊಳ್ಳಲಾಗದು. ಇದರ ತದ್ವಿರುದ್ಧ, ಮದುವೆಯಾದ ಮಗನೂ ಜೊತೆಗಿರುವ ಮನೆಯಲ್ಲಿ ಒಂದು ಬಾಡಿಗೆ ಪತ್ರಕ್ಕೆ ಎರಡು ಮನೆ ಬೇಕಾಗುತ್ತದೆ. 500 ಮನೆ ಖಾಲಿ ಮಾಡಿಸಲು 500 ಮನೆ ಸಾಕು ಎಂದು ಹಾಕಿದ ಅಂದಾಜು ಇಲ್ಲೇ ಒಡೆಯುತ್ತದೆ.

ಇನ್ನೊಂದು ತಪ್ಪು ಸಮಯದ್ದು. ಬ್ಲಾಕ್ ಅರ್ಧ ಖಾಲಿಯಾದ ಮೇಲೂ ಬಿಸಿನೀರಿನ ಪೈಪು, ಲಿಫ್ಟು, ದೀಪ ಎಲ್ಲವನ್ನೂ ಪೂರ್ತಿ ನಡೆಸಬೇಕು. ಬೀಗ ಹಾಕಿದ ಮನೆಯಲ್ಲಿ ಪೈಪ್ ಸೋರಿದರೆ ನೋಡುವವರಿಲ್ಲ; ನೀರು ಕೆಳಗಿನ ಮೂರು ಅಂತಸ್ತಿಗೆ ಇಳಿದ ಮೇಲೆ ಗೊತ್ತಾಗುತ್ತದೆ. ಆದ್ದರಿಂದ ಖಾಲಿಯಾದ ದಿನವೇ ಆ ಮನೆಯ ನೀರಿನ ಕವಾಟ ಮುಚ್ಚಿ, ಬಾಗಿಲಿಗೆ ಉಕ್ಕಿನ ತಗಡು ಹೊಡೆದು, ವಾರಕ್ಕೊಮ್ಮೆ ಒಳಹೊಕ್ಕು ನೋಡುವ ಕೆಲಸಕ್ಕೆ ಬಜೆಟ್ ಇಡಬೇಕು. ಖಾಲಿ ಮನೆಗಳಿಗೆ ಕೌನ್ಸಿಲ್ ತಾತ್ಕಾಲಿಕವಾಗಿ ಮನೆಯಿಲ್ಲದ ಕುಟುಂಬಗಳನ್ನು ಹಾಕುವುದೂ ಉಂಟು. ಮಾನವೀಯತೆಯ ದೃಷ್ಟಿಯಿಂದ ಸರಿ. ಆದರೆ ತಾತ್ಕಾಲಿಕ ವಾಸದವರಿಗೆ ಹಳೆಯ ಬಾಡಿಗೆದಾರರಷ್ಟು ಹಕ್ಕಿಲ್ಲ. ಐದಾರು ವರ್ಷ ಅಲ್ಲೇ ಮಕ್ಕಳನ್ನು ಶಾಲೆಗೆ ಕಳಿಸಿದವರಿಗೆ ಕೊನೆಗೆ ಊರಾಚೆಯ ಮನೆ ತೋರಿಸಿದಾಗ ಆಗುವ ನೋವನ್ನು ಯಾವ ನಕಾಶೆಯೂ ತೋರಿಸುವುದಿಲ್ಲ.

ಎರಡನೇ ತಡೆ: 2016ರ ಸೆಪ್ಟೆಂಬರ್

ಬಾಡಿಗೆದಾರರನ್ನು ಬೇರೆ ಮನೆಗೆ ಕಳಿಸಬಹುದು, ಲೀಸ್‌ಹೋಲ್ಡರ್‌ಗಳಿಂದ ಮನೆ ಕೊಳ್ಳಬೇಕು. ಮಾತುಕತೆ ಕುದುರದಿದ್ದರೆ ಕೌನ್ಸಿಲ್ ಕಡ್ಡಾಯ ಖರೀದಿ ಆದೇಶ ಹೊರಡಿಸುತ್ತದೆ, ನಮ್ಮ ಭೂಸ್ವಾಧೀನದ ಹಾಗೆ. ಅದಕ್ಕೆ ಕೇಂದ್ರ ಸಚಿವರ ಅನುಮೋದನೆ ಬೇಕು. ಆಕ್ಷೇಪಣೆ ಬಂದರೆ ಇನ್‌ಸ್ಪೆಕ್ಟರ್ ಒಬ್ಬರು ಬಹಿರಂಗ ವಿಚಾರಣೆ ನಡೆಸುತ್ತಾರೆ. ಏಲ್ಸ್‌ಬರಿಯ ಮೊದಲ ನಿರ್ಮಾಣ ಜಾಗದ ಆದೇಶ ಹೊರಟದ್ದು 2014ರಲ್ಲಿ, ವಿಚಾರಣೆ 2015ರಲ್ಲಿ. ಆಗ ಆ ಬ್ಲಾಕುಗಳಲ್ಲಿ ಉಳಿದಿದ್ದ ಮನೆ ಮಾಲೀಕರು ಬೆರಳೆಣಿಕೆಯಷ್ಟು.

ಪರಿಹಾರದ ಸೂತ್ರ ಸರಳ: ಮಾರುಕಟ್ಟೆ ಬೆಲೆ, ಒಂದು ವರ್ಷವಾದರೂ ಅಲ್ಲೇ ವಾಸವಿದ್ದರೆ ಅದರ ಮೇಲೆ ಶೇ. 10 (ಇದಕ್ಕೆ ಮೇಲ್ಮಿತಿ ಇದೆ), ಸಾಗಾಟದ ಮತ್ತು ವಕೀಲರ, ಸರ್ವೇಯರ್‌ರ ಖರ್ಚು. ಬೆಲೆ ಕಟ್ಟುವಾಗ ಪುನರ್ನಿರ್ಮಾಣ ಯೋಜನೆಯೇ ಇಲ್ಲವೆಂದು ಭಾವಿಸಬೇಕು, ಅದರಿಂದ ಏರಿದ್ದನ್ನೂ ಇಳಿದದ್ದನ್ನೂ ಬಿಡಬೇಕು. ಕಾಗದದ ಮೇಲೆ ನ್ಯಾಯವೇ. ವಾಸ್ತವದಲ್ಲಿ ಹತ್ತು ವರ್ಷದಿಂದ ಕೆಡವುತ್ತೇವೆ ಎಂದು ಸಾರಿದ ಎಸ್ಟೇಟಿನಲ್ಲಿ ಹೊರಗಿನವರು ಮನೆ ಕೊಳ್ಳುವುದಿಲ್ಲ, ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಹಾಗಾಗಿ ಹೋಲಿಕೆಗೆ ಸಿಗುವ ಮಾರಾಟಗಳಲ್ಲಿ ಹೆಚ್ಚಿನವು ಕೌನ್ಸಿಲ್ ತಾನೇ ಕೊಂಡವು. ಕೊಳ್ಳುವವನ ಹಳೆಯ ಬೆಲೆಯೇ ಮಾರುಕಟ್ಟೆ ಬೆಲೆಯಾಗುತ್ತದೆ.

ಅಂತರ ಎಷ್ಟು ದೊಡ್ಡದಾಗುತ್ತದೆ ಎಂದು ತಿಳಿಯಲು ಒಂದು ಕಲ್ಪಿತ ಲೆಕ್ಕ ಮಾಡೋಣ. ಇವು ಏಲ್ಸ್‌ಬರಿಯ ಯಾರೊಬ್ಬರ ಅಂಕಿಯೂ ಅಲ್ಲ. ಹಳೆಯ ಎರಡು ಕೋಣೆ ಮನೆಗೆ 2,00,000 ಪೌಂಡ್, ಶೇ. 10 ಸೇರಿ 2,20,000. ಬಾಕಿ ಗೃಹಸಾಲ 40,000 ತೀರಿಸಿದರೆ ಕೈಯಲ್ಲಿ 1,80,000. ಅದೇ ಜಾಗದಲ್ಲಿ ಬರುವ ಹೊಸ ಎರಡು ಕೋಣೆ ಮನೆಗೆ 5,00,000. ಕೊರತೆ 3,20,000. ಅರವತ್ತು ದಾಟಿದವರಿಗೆ ಅಷ್ಟು ಸಾಲ ಹುಟ್ಟುವುದಿಲ್ಲ. ಮನೆಯ ಒಂದು ಪಾಲನ್ನಷ್ಟೇ ಕೊಳ್ಳುವ ಶೇರ್ಡ್ ಓನರ್‌ಶಿಪ್‌ನಲ್ಲಿ ಹೋದರೆ ಉಳಿದ ಪಾಲಿನ ಮೇಲೆ ವರ್ಷಕ್ಕೆ ಸಾಮಾನ್ಯವಾಗಿ ಶೇ. 2.75 ಬಾಡಿಗೆ, ಅಂದರೆ 8,800 ಪೌಂಡ್, ತಿಂಗಳಿಗೆ 730ರಷ್ಟು. ಅದರ ಮೇಲೆ ನಿರ್ವಹಣಾ ಶುಲ್ಕ. ನಿನ್ನೆಯವರೆಗೆ ಬಾಡಿಗೆಯಿಲ್ಲದೆ ಸ್ವಂತ ಮನೆಯಲ್ಲಿದ್ದವರು ಇಳಿವಯಸ್ಸಿನಲ್ಲಿ ಬಾಡಿಗೆದಾರರಾಗುತ್ತಾರೆ. ಶೇರ್ಡ್ ಈಕ್ವಿಟಿಯಲ್ಲಿ ಉಳಿದ ಪಾಲಿಗೆ ಬಾಡಿಗೆ ಇಲ್ಲ, ಮನೆ ಮಾರಿದಾಗ ಪಾಲು ಹಿಂದಿರುಗಿಸಿದರೆ ಸಾಕು. ನಮ್ಮ ಅಭಿಪ್ರಾಯದಲ್ಲಿ ಕೆಡವುವ ಯೋಜನೆಗಳಲ್ಲಿ ನ್ಯಾಯಕ್ಕೆ ಹತ್ತಿರವಿರುವ ಆಯ್ಕೆ ಇದೊಂದೇ.

ಸದರ್ಕ್ ಇದನ್ನು ಕೊಡುತ್ತಿತ್ತು. ಆದರೆ ಪರಿಹಾರದ ಹಣದ ಜೊತೆಗೆ ತಮ್ಮ ಉಳಿತಾಯದ ಬಹುಪಾಲನ್ನೂ ಹೊಸ ಮನೆಗೆ ಹಾಕಬೇಕೆಂಬ ಷರತ್ತಿತ್ತು. ಸಚಿವ ಸಾಜಿದ್ ಜಾವಿದ್ 2016ರ ಸೆಪ್ಟೆಂಬರ್‌ನಲ್ಲಿ ಆದೇಶವನ್ನು ಅನುಮೋದಿಸಲು ನಿರಾಕರಿಸಿದಾಗ ತೂಗಿದ ವಿಷಯಗಳಲ್ಲಿ ಇದು ಮುಖ್ಯವಾದದ್ದು. ಮಾಲೀಕರು ಒಂದೋ ಜೀವಮಾನದ ಉಳಿತಾಯ ಕರಗಿಸಬೇಕು, ಇಲ್ಲವೇ ಬಂಧುಬಳಗ, ಶಾಲೆ, ಪ್ರಾರ್ಥನಾಸ್ಥಳ ಬಿಟ್ಟು ದೂರ ಹೋಗಬೇಕು. ಮನೆ ಮತ್ತು ಕೌಟುಂಬಿಕ ಬದುಕಿನ ಗೌರವಕ್ಕೆ ಸಂಬಂಧಿಸಿದ ಮಾನವ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿ, 2010ರ ಸಮಾನತೆ ಕಾಯ್ದೆಯ ಕರ್ತವ್ಯ ಎರಡನ್ನೂ ಅವರು ಎತ್ತಿದರು. ವಯಸ್ಸಾದವರ ಮೇಲೂ ಅಲ್ಪಸಂಖ್ಯಾತ ಸಮುದಾಯಗಳ ಮೇಲೂ ಹೊರೆ ಹೆಚ್ಚು ಬೀಳುತ್ತದೆ ಎಂದರು. ಮನೆ ಬೇಕೆಂಬ ಸಾರ್ವಜನಿಕ ಹಿತ ದೊಡ್ಡದೇ, ಆದರೂ ಈ ಹೊರೆಯನ್ನು ಸಮರ್ಥಿಸಲು ಸಾಲದು ಎಂಬುದು ತೀರ್ಮಾನ. ಪುನರ್ನಿರ್ಮಾಣದಲ್ಲಿ ತೊಡಗಿದ್ದ ಎಲ್ಲ ಕೌನ್ಸಿಲ್‌ಗಳೂ ಈ ಪತ್ರವನ್ನು ಸಾಲು ಸಾಲಾಗಿ ಓದಬೇಕಾಯಿತು.

ಕೌನ್ಸಿಲ್ ಕೋರ್ಟಿಗೆ ಹೋಯಿತು. 2017ರಲ್ಲಿ ನಿರಾಕರಣೆ ರದ್ದಾಯಿತು, 2018ರಲ್ಲಿ ಹೊಸ ವಿಚಾರಣೆ ನಡೆಯಿತು. ಈ ನಡುವೆ ಉಳಿತಾಯ ಹಾಕಲೇಬೇಕೆಂಬ ಷರತ್ತನ್ನು ಕೌನ್ಸಿಲ್ ಕೈಬಿಟ್ಟಿತು. 2018ರ ನವೆಂಬರ್‌ನಲ್ಲಿ ಆದೇಶಕ್ಕೆ ಅನುಮೋದನೆ ಸಿಕ್ಕಿತು. ನಾಲ್ಕು ವರ್ಷ ಹಿಂದೆಯೇ ಆ ಒಂದು ಷರತ್ತು ಇಲ್ಲದಿದ್ದರೆ ಉಳಿಯುತ್ತಿದ್ದ ಕಾಲಕ್ಕೆ ಬೆಲೆ ಕಟ್ಟಿ ನೋಡಿ: ಖಾಲಿ ಬ್ಲಾಕುಗಳ ಕಾವಲು, ಎರಡು ವಿಚಾರಣೆಗಳ ವಕೀಲರ ಶುಲ್ಕ, ಏರುತ್ತಲೇ ಇದ್ದ ಕಟ್ಟಡದ ಖರ್ಚು. ಕೆಲವೇ ಮನೆಗಳಿಗೆ ಪೂರ್ತಿ ಶೇರ್ಡ್ ಈಕ್ವಿಟಿ ಕೊಡುವುದು ಇದೆಲ್ಲದರ ಎದುರು ಅಗ್ಗವಾಗಿರುತ್ತಿತ್ತು ಎಂಬುದು ನಮ್ಮ ದೃಢ ಅಭಿಪ್ರಾಯ.

ನೆರೆಯ ಹೇಗೇಟ್ ಎಸ್ಟೇಟಿನ ನೆನಪು ವಾಲ್ವರ್ತ್‌ನವರಿಗೆ ಹಸಿಯಾಗಿಯೇ ಇತ್ತು ಎಂಬುದನ್ನೂ ಇಲ್ಲಿ ಸೇರಿಸಬೇಕು. ಅಲ್ಲಿ ಸುಮಾರು 1,200 ಮನೆ ಕೆಡವಿ ಸುಮಾರು 2,500 ಕಟ್ಟುವ ಯೋಜನೆಯಲ್ಲಿ ಸೋಶಿಯಲ್ ರೆಂಟ್‌ಗೆ ಇಟ್ಟದ್ದು ನೂರಕ್ಕಿಂತ ಕಡಿಮೆ. ಏಲ್ಸ್‌ಬರಿಯ ಮಾಲೀಕರು ಹಟ ಹಿಡಿದದ್ದು ಸುಮ್ಮನೆ ಅಲ್ಲ.

ಹಣದ ಗಂಟು

ಹೌಸಿಂಗ್ ಅಸೋಸಿಯೇಷನ್ ಇಂಥ ಯೋಜನೆಗೆ ಹಣ ಹೊಂದಿಸುವುದು ಅರ್ಧ ಮನೆಗಳನ್ನು ಮಾರಿ ಬಂದ ಲಾಭದಿಂದ. ಮನೆ ಮಾರಾಟ ಚೆನ್ನಾಗಿರುವವರೆಗೆ ಇದು ನಡೆಯುತ್ತದೆ. ಆಮೇಲೆ ಮೂರು ಏಟು ಒಟ್ಟಿಗೆ ಬಿದ್ದವು. 2021ರ ಡಿಸೆಂಬರ್‌ವರೆಗೂ ಶೇ. 0.1 ಇದ್ದ ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿ ದರ 2023ರ ಆಗಸ್ಟ್‌ಗೆ ಶೇ. 5.25 ಆಯಿತು. 2023ರ ಏಪ್ರಿಲ್‌ನಲ್ಲಿ ಸಾಮಾಜಿಕ ಬಾಡಿಗೆ ಏರಿಕೆಗೆ ಸರ್ಕಾರ ಶೇ. 7ರ ಮಿತಿ ಹಾಕಿತು. ಹಳೆಯ ಸೂತ್ರದಂತೆ ಅದು ಶೇ. 11.1 ಆಗುತ್ತಿತ್ತು. ಬಾಡಿಗೆದಾರರಿಗೆ ಅದು ಬೇಕಾಗಿದ್ದ ರಕ್ಷಣೆ, ಸಂಸ್ಥೆಗಳ ಲೆಕ್ಕದಲ್ಲಿ ಕಾಯಂ ಕೊರತೆ. ಮೂರನೆಯದು, ಲಂಡನ್ನಿನ ಗ್ರೆನ್‌ಫೆಲ್ ವಸತಿ ಗೋಪುರಕ್ಕೆ 2017ರ ಜೂನ್ 14ರಂದು ಬಿದ್ದ ಬೆಂಕಿಯ ನಂತರದ ಸುರಕ್ಷತಾ ಕೆಲಸ. ಹಳೆಯ ಎತ್ತರದ ಕಟ್ಟಡಗಳ ಹೊದಿಕೆ ಬದಲಿಸಬೇಕು, ಹೊಸ ಎತ್ತರದ ಕಟ್ಟಡಗಳಿಗೆ ಎರಡನೇ ಮೆಟ್ಟಿಲು ಬೇಕು. 2023ರಲ್ಲಿ ಸರ್ಕಾರ ಇದನ್ನು 18 ಮೀಟರ್ ದಾಟಿದ ವಸತಿ ಕಟ್ಟಡಗಳಿಗೆ ಎಂದು ಘೋಷಿಸಿದಾಗ ಲಂಡನ್ನಿನಲ್ಲಿ ಎಷ್ಟೋ ನಕ್ಷೆಗಳು ಮತ್ತೆ ಮೇಜಿಗೆ ಬಂದವು. ಎರಡನೇ ಮೆಟ್ಟಿಲು ಪ್ರತಿ ಅಂತಸ್ತಿನಲ್ಲೂ ಮಾರಬಹುದಾದ ಜಾಗ ತಿನ್ನುತ್ತದೆ.

ಇದಕ್ಕೆ ಮೊದಲೇ, 2020ರಲ್ಲಿ, ಸದರ್ಕ್ ಒಂದು ಒಳ್ಳೆಯ ನಿರ್ಧಾರ ಮಾಡಿತ್ತು. ಮೊದಲ ನಿರ್ಮಾಣ ಜಾಗದ 581 ಮನೆಗಳನ್ನು ತಾನೇ ಕೊಂಡು ಕೌನ್ಸಿಲ್ ಮನೆಗಳಾಗಿ ಉಳಿಸಿಕೊಳ್ಳುವುದು. ಹಳೆಯ ಬಾಡಿಗೆದಾರರಿಗೆ ಸೆಕ್ಯೂರ್ ಬಾಡಿಗೆಯ ಮನೆ ಅದೇ ಜಾಗದಲ್ಲಿ ಸಿಗುವ ದಾರಿ ಇದರಿಂದ ತೆರೆಯಿತು. 2001ರಲ್ಲಿ ಜನ ಮತದ ಮೂಲಕ ಕೇಳಿದ್ದು ಇದನ್ನೇ.

ಮೂರನೇ ತಡೆ: ಒಂದು ಪದ

ಈಗ 2015ರ ಸ್ಥೂಲ ಪರವಾನಗಿಗೆ ಬರೋಣ. 2 ಬಿ ಹಂತಕ್ಕೆ ನಾಟಿಂಗ್ ಹಿಲ್ ಜೆನೆಸಿಸ್ 614 ಮನೆಗಳ ಹೊಸ ಪೂರ್ಣ ಅರ್ಜಿ ಹಾಕಿತು. ಇದು ಸ್ಥೂಲ ಪರವಾನಗಿಯ ಅಳತೆಗಳಿಗೆ ಹೊಂದುತ್ತಿರಲಿಲ್ಲ. ದೊಡ್ಡ ಯೋಜನೆಯ ನಡುವಿನ ಒಂದು ತುಂಡಿಗೆ ಹೀಗೆ ಪ್ರತ್ಯೇಕ ಪರವಾನಗಿ ತಂದು ಕೂರಿಸುವುದಕ್ಕೆ ಡ್ರಾಪ್ ಇನ್ ಎನ್ನುತ್ತಾರೆ. ಎಲ್ಲ ಕಡೆ ಮಾಡುತ್ತಿದ್ದರು.

2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವೇಲ್ಸ್‌ನ ಹಿಲ್‌ಸೈಡ್ ಪಾರ್ಕ್ಸ್ ಪ್ರಕರಣದಲ್ಲಿ ತೀರ್ಪಿತ್ತಿತು. ಒಂದು ಪರವಾನಗಿ ಇಡೀ ಯೋಜನೆಗೆ ಒಂದಾಗಿ ಸಿಕ್ಕದ್ದು. ಬಿಡಿ ಬಿಡಿ ತುಂಡುಗಳೆಂದು ಅದರಲ್ಲೇ ಸ್ಪಷ್ಟವಾಗಿ ಹೇಳಿಲ್ಲದಿದ್ದರೆ, ಒಂದು ಭಾಗದಲ್ಲಿ ಹೊಂದಾಣಿಕೆಯಾಗದ ಕಟ್ಟಡ ಎದ್ದ ಮೇಲೆ ಉಳಿದ ಭಾಗಕ್ಕೆ ಹಳೆಯ ಪರವಾನಗಿಯನ್ನು ಬಳಸುವಂತಿಲ್ಲ. ಅಂದರೆ 2 ಬಿ ಹೊಸ ನಕ್ಷೆಯಂತೆ ಎದ್ದರೆ ಮುಂದಿನ ಹಂತಗಳ ಪರವಾನಗಿಗೇ ಕುತ್ತು.

ಕೌನ್ಸಿಲ್ ಹುಡುಕಿದ ಮದ್ದು ಒಂದು ಪದ. 2023ರಲ್ಲಿ, ಮಹತ್ವವಿಲ್ಲದ ಸಣ್ಣ ತಿದ್ದುಪಡಿಗಳಿಗೆಂದು ಯೋಜನಾ ಕಾಯ್ದೆಯಲ್ಲಿರುವ 96ಎ ಸೆಕ್ಷನ್ ಬಳಸಿ, 2015ರ ಪರವಾನಗಿಯ ವಿವರಣೆಗೆ "ಬೇರ್ಪಡಿಸಬಲ್ಲ" ಎಂಬರ್ಥದ ಪದ ಸೇರಿಸಿತು. ಎಸ್ಟೇಟಿನ ನಿವಾಸಿಯೊಬ್ಬರು ಇದನ್ನು ಪ್ರಶ್ನಿಸಿದರು. 2024ರ ಜನವರಿಯಲ್ಲಿ ಹೈಕೋರ್ಟ್ ಅವರ ಪರ ತೀರ್ಪಿತ್ತಿತು. 2015ರ ಪರವಾನಗಿ ತುಂಡಾಗುವಂಥದ್ದಾಗಿರಲಿಲ್ಲ. ಅದನ್ನು ತುಂಡಾಗುವಂತೆ ಮಾಡುವ ಪದ ಸಣ್ಣ ಬದಲಾವಣೆ ಅಲ್ಲ ಎಂದಿತು. ತಿದ್ದುಪಡಿ ರದ್ದಾಯಿತು.

ಇದನ್ನು ತಾಂತ್ರಿಕ ತಕರಾರು ಎಂದು ತಳ್ಳಿಹಾಕುವವರಿದ್ದಾರೆ. ನಾವು ಒಪ್ಪುವುದಿಲ್ಲ. ಸ್ಥೂಲ ಪರವಾನಗಿ ಎಂದರೆ ಇಷ್ಟು ಎತ್ತರ, ಇಷ್ಟು ಬಯಲು, ಇಷ್ಟು ಸಾಮಾಜಿಕ ಮನೆ ಎಂದು ಎಸ್ಟೇಟಿನವರ ಮುಂದಿಟ್ಟ ಒಟ್ಟು ಚಿತ್ರ. ಒಂದು ತುಂಡಿನಲ್ಲಿ ಕಟ್ಟಡ ದಟ್ಟವಾದರೆ ಅದರ ಪರಿಣಾಮ ಪಕ್ಕದ ತುಂಡಿನ ಬೆಳಕು, ಉದ್ಯಾನ, ಬಸ್ಸಿನ ಮೇಲೂ ಆಗುತ್ತದೆ. ಆ ಚಿತ್ರ ಬದಲಾಗಬೇಕಾದರೆ ಅರ್ಜಿ ಪ್ರಕಟವಾಗಬೇಕು, ಆಕ್ಷೇಪಣೆ ಕೇಳಬೇಕು.

ಇವತ್ತು ಇಂಥ ಅರ್ಜಿ ಸಿದ್ಧಪಡಿಸುವ ಅಸೋಸಿಯೇಷನ್ನುಗಳು ಮೊದಲ ದಿನವೇ ಹಂತಗಳ ಗಡಿಯನ್ನು ನಕ್ಷೆಯಲ್ಲಿ ಎಳೆಯುತ್ತವೆ. ಪ್ರತಿ ಹಂತಕ್ಕೂ ಅದರದೇ ಷರತ್ತು ಬರೆಯುತ್ತವೆ. ಯಾವ ಹಂತ ಯಾವುದಿಲ್ಲದೆಯೂ ನಿಲ್ಲಬಲ್ಲದು ಎಂದು ವಿವರಣೆಯಲ್ಲೇ ಹೇಳುತ್ತವೆ. ಪರವಾನಗಿಯ ಜೊತೆಗೆ ಡೆವಲಪರ್ ಕೌನ್ಸಿಲ್‌ಗೆ ಬರೆದುಕೊಡುವ ಸೆಕ್ಷನ್ 106 ಒಪ್ಪಂದದಲ್ಲಿ ಸಾಮಾಜಿಕ ಮನೆಗಳ ಸಂಖ್ಯೆಯನ್ನೂ ಹಂತವಾರು ಕಟ್ಟಿಹಾಕಬಹುದು: ಇಂತಿಷ್ಟು ಸೋಶಿಯಲ್ ರೆಂಟ್ ಮನೆಗಳ ಕೀಲಿ ಕೈ ಸೇರುವವರೆಗೆ ಆ ಹಂತದ ಇಂತಿಷ್ಟು ಮಾರಾಟದ ಮನೆಗಳಿಗೆ ಯಾರೂ ವಾಸಕ್ಕೆ ಬರುವಂತಿಲ್ಲ ಎಂದು. ಹಂತಗಳನ್ನು ಬೇರ್ಪಡಿಸುವ ಸಾಲು ಡೆವಲಪರ್‌ಗೆ ಅನುಕೂಲ, ಈ ಎರಡನೇ ಸಾಲು ನಿವಾಸಿಗಳಿಗೆ ಅನುಕೂಲ. ನಿವಾಸಿಗಳ ಪರ ಸಲಹೆಗಾರರು ಕರಡು ಕೈಗೆ ಬಂದಾಗ ಎರಡೂ ಸಾಲು ಒಟ್ಟಿಗಿವೆಯೇ ಎಂದು ನೋಡಬೇಕು. ಮೊದಲನೆಯದು ಇದ್ದು ಎರಡನೆಯದು ಇಲ್ಲದ ಕರಡಿಗೆ ಒಪ್ಪಿಗೆ ಕೊಡಬಾರದು.